ಕೋಣ್ಯಾಗ ಮತ್ಯಾರಿಲ್ಲ

ರಾತ್ರಿ ಎಂಟೂವರಿಗೆ ವಿದ್ಯಾನಗರದ ಮೂರನೇ ಮಹಡ್ಯಾಗ
ನನ್ನ ಮುಂಜಾನಿ ಶುರು ಆಗತೈತಿ.
ಕಿವಿ ಮ್ಯಾಲೆ ಹೆಡ್‌ಫೋನು, ಅದರ ಸ್ಪಂಜಿಗೆ
ಅವ್ವ ಹೊಲದು ಕೊಟ್ಟ ಖಣದ ಚೂರು.
ಬೆವರಿಗೆ ಸ್ಪಂಜು ಪುಡಿಪುಡಿಯಾಗಿ
ಕೂದಲದಾಗ ಸಿಗತಿತ್ತು.

ಅಲ್ಲಿ, ಹೆಸರು ಹೇಳಬಾರದ ಒಂದೂರಾಗ
ಡಾಕ್ಟರು ಬಾಗಿಲಾ ಬಡೀತಾನ, ಎರಡು ಸಲ.
ಕುರ್ಚಿ ಎಳಕೋತಾನ.
ಕಾಲೊಂದು ಗಿಡ್ಡ ಇರಬೇಕು ಆ ಕುರ್ಚಿದು,
ಮೂರು ವರ್ಷ ಆತು, ಕಟಕ್ ಅನ್ನೂದು ನಿಂತಿಲ್ಲ.
ನೋವು ಹತ್ತರಾಗ ಎಷ್ಟು, ಕೇಳತಾನ.
ಏಳು, ಅಂತಾಳ ಆಕಿ.
ಏಳು, ಬರೀತೀನಿ ನಾ.

ಏಳು ಅಂದ್ರ ಏನಂತ ನನ್ನ ಬೆರಳಿಗೆ ತಿಳಿಯೂದಿಲ್ಲ.
ನಮ್ಮ ಕಡೆ ಬ್ಯಾನಿಗೆ ಅಂಕಿ ಇಲ್ಲ, ಹೆಸರೈತಿ.
ಚಳುಕು ಬ್ಯಾರೆ, ಸೆಳತ ಬ್ಯಾರೆ,
ಹಸಿ ಗಾಯದ ಚುರುಚುರು ಬ್ಯಾರೆ,
ಎಲುಬಿನೊಳಗ ಯಾರೋ ಕುಂತು
ಸಾವಕಾಶ ಬೀಸೋಕಲ್ಲು ತಿರುವಿದಂಗ ಆಗೂದು
ಅದರ ಸುದ್ದೀನ ಬ್ಯಾರೆ.

ಪುಪ್ಪುಸ ಸ್ವಚ್ಛ. ಹೊಟ್ಟಿ ಮೆತ್ತಗ. ನಡಗಿ ನೆಟ್ಟಗ.
ಎಲ್ಲಾಕ್ಕೂ ಒಂದೊಂದು ಡಬ್ಬಿ ಐತಿ ಪರದೆ ಮ್ಯಾಲೆ.
ನಾಯಿ ಸತ್ತ ಮ್ಯಾಲೆ ಮುಂಜಾನಿ ಏಳಾಕ ಕಾರಣಾನ ಇಲ್ಲ,
ಅಂದ್ಲು ಆಕಿ.
ಡಾಕ್ಟರು ಹ್ಞೂಂ ಅಂದ.
ಡಬ್ಬಿ ಹುಡಿಕ್ಯಾಡಿ, ನಿದ್ದಿ ಕಡಿಮಿ, ಅಂತ ಬರದೆ.
ನಾಯಿ ನನ್ನ ಕಿವಿಯಾಗ ಉಳೀತು.

ಯಾರರ ಕೇಳಾಕತ್ತಾರೇನು, ಅಂತಾರ ಕೆಲವರು, ದನಿ ಇಳಿಸಿ.
ಮತ್ಯಾರಿಲ್ಲ, ಬರಿಯೋರೊಬ್ಬರು, ಅಂತಾನ.
ಆ ಮತ್ಯಾರಿಲ್ಲದಾಕಿ ನಾ.
ತುಳಜಾ ಮೆಹರವಾಡೆ, ಕಮರಿಪೇಟಿ,
ಬಿ. ಫಾರ್ಮಾ, ಸೆಕೆಂಡ್ ಕ್ಲಾಸು.
ಸೀನು ಬಂದ್ರ ಮ್ಯೂಟ್ ಒತ್ತತೀನಿ.

ತಿಂಗಳಿಗೊಮ್ಮೆ ಒಬ್ಬ ಮುದುಕ ಬರತಿದ್ದ,
ಅವನಕಿಂತ ಮೊದಲ ಅವನ ಕೆಮ್ಮು ಬರತಿತ್ತು.
ಒಮ್ಮೆ ಅಂದ: ಆ ಬರಿಯೋರಿಗೆ ಹೇಳ್ರಿ,
ಇವತ್ತ ಸ್ವಲ್ಪ ಕಡಿಮಿ ಕೆಮ್ಮತೀನಿ, ಅವರ ಕಿವಿ ಪಾಪ.
ಡಾಕ್ಟರು ನಕ್ಕ.
ರೋಗಿ ಉಲ್ಲಾಸದಿಂದ ಇದ್ದಾನೆ, ಬರದೆ ನಾ.
ಅಳಿಸಿ, ಮತ್ತ ಅದನ್ನ ಬರದೆ.

ಹ್ವಾದ ತಿಂಗಳ ಪಟ್ಟ್ಯಾಗ ಅವನ ಹೆಸರಿಲ್ಲ.
ಈ ತಿಂಗಳೂ ಇಲ್ಲ.
ಕೇಳಂಗಿಲ್ಲ, ಅವನ ಫೈಲು ತಗಿಯಂಗಿಲ್ಲ,
ಮೊದಲನೇ ದಿನಾನ ಸಹಿ ಮಾಡಿ ಕೊಟ್ಟೀನಿ.
ಊರು ಬಿಟ್ಟಿರಬೇಕು. ಡಾಕ್ಟರ್ ಬದಲಿಸಿರಬೇಕು.
ಗುಣಾ ಆಗಿರಬೇಕು ಅಂತ ನಾ ಬರಿಯಾಕ ಬರೂದಿಲ್ಲ,
ಕೇಳಿದ್ದಷ್ಟ ಬರೀಬೇಕು.

ಐದೂವರಿಗೆ ಚಿಗರಿ ಬಸ್ಸು. ಎಸಿ ಥಂಡಿ, ಖಾಲಿ ಸೀಟು.
ಕಿಮ್ಸ್ ಸ್ಟಾಪಿನ್ಯಾಗ ಒಬ್ಬಾಕಿ ಅಜ್ಜಿ ಹತ್ತಿದ್ಲು,
ಕೈಯಾಗ ಎಕ್ಸರೇ ಕವರು, ಮಡಚಬಾರದಂತ
ಕೂಸು ಹಿಡದಂಗ ಹಿಡದಿದ್ಲು.
ಕುಂದಗೋಳದ ಗಾಡಿ ಸಿಗತೈತೇನವ್ವಾ, ಅಂತ ಕೇಳಿ
ನನ್ನ ಬಾಜೂಕ ಕುಂತ್ಲು.
ಆಮ್ಯಾಲೆ ಯಾರಿಗೂ ಅಲ್ಲದಂಗ, ಕಿಟಕಿಗೆ ಹೇಳಿದ್ಲು:
ಎದ್ಯಾಗ ಗುಬ್ಬಿ ಸಿಕ್ಕೊಂಡಂಗ ಪಟಪಟ ಅಂತೈತಿ.
ಅದನ್ನ ಹೇಳಬೇಕಂತ ಬಾಯಿ ತಗದ್ರೊಳಗ
ಚೀಟಿ ಹರದು ಕೈಯಾಗ ಕೊಟ್ಟ್ರು.

ತೊಡಿ ಮ್ಯಾಲಿದ್ದ ನನ್ನ ಬೆರಳು
ತಾವ ಟೈಪು ಮಾಡಾಕ ಹತ್ತಿದ್ವು.
ಎದಿ. ಪಟಪಟ. ಡಬ್ಬಿ ಯಾವುದು?
ಬೆರಳು ನಿಂತ್ವು.

ಯಾವಾಗಿಂದರೀ ಅಜ್ಜಿ, ಅಂದೆ.
ಎಂಟು ತಾಸು ಮ್ಯೂಟಿನ್ಯಾಗಿದ್ದ ದನಿ,
ತುಕ್ಕು ಹಿಡದ ಕೀಲಿಯಂಗ ತಿರುಗಿತು.

ಆಕಿ ಮೊದಲ ನನ್ನ ಮಾರಿ ನೋಡಿದ್ಲು.
ಎಕ್ಸರೇ ಕವರು ನನ್ನ ತೊಡಿ ಮ್ಯಾಲಿಟ್ಟು
ಸೆರಗು ಸರಿ ಮಾಡಿಕೊಂಡು
ಅದ ದೊಡ್ಡ ಕತಿ ಐತವ್ವಾ, ಅಂದ್ಲು.