ಅರವತ್ತೈದರ ಗೆರೆ

ಗೋಣಿಕೊಪ್ಪದ ಬಂಕಿನ ಬದಿ, ಗಾಳಿ ತುಂಬುವ ಹುಡುಗನಿಂದಾಚೆ
ಹಳೇ ಓಮ್ನಿಯೊಂದರ ಹೊಟ್ಟೆಯಲ್ಲಿ ನನ್ನ ಕಚೇರಿ:
ಒಂದು ಸ್ಟೂಲು, ಒಂದು ಕಂಪ್ಯೂಟರು, ಒಂದು ನಳಿಗೆ.
ಓಮ್ನಿಯ ಎಂಜಿನ್ ನಿಂತು ನಾಲ್ಕು ವರ್ಷ.
ಇಡೀ ಪೇಟೆಯಲ್ಲಿ ಹೊಗೆಯೇ ಇಲ್ಲದ ಗಾಡಿ
ಅದೊಂದೇ.

ಬಂದವರ ಸೈಲೆನ್ಸರಿಗೆ ನಳಿಗೆ ಸಿಕ್ಕಿಸಿ
ಒತ್ತಿ, ಅನ್ನುತ್ತೇನೆ. ಬಿಡಿ, ಅನ್ನುತ್ತೇನೆ.
ದಿನಕ್ಕೆ ನಲವತ್ತು ಗಾಡಿ, ಒತ್ತಿ, ಬಿಡಿ.
ಅರವತ್ತೈದು ದಾಟಿದರೆ ಹಳೇ ಡೀಸೆಲ್ಲಿಗೆ ಕೆಂಪು ಅಕ್ಷರ.

ಎಲ್ಲರೂ ಕೇಳುವುದು ಒಂದೇ:
"ಸರ್ವೀಸ್ ಮಾಡಿಸಿದ್ರೆ ಪಾಸಾಗ್ತದಾ?"
ಯಾವಾಗ ಮಾಡಿಸಿದ್ದು ಅಂದರೆ, ನಿನ್ನೆ.
ಹನ್ನೊಂದು ತಿಂಗಳು ಮರೆತಿದ್ದನ್ನು
ಪೊಲೀಸ್ ಕೈ ಅಡ್ಡ ಹಿಡಿದ ಮರುದಿನ ತೊಳೆಸಿ,
ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆಸಿ,
ಮುಂದಿನ ಗಾಲಿಗೆ ನಿಂಬೆಹಣ್ಣು ಕೊಟ್ಟು ತರುತ್ತಾರೆ.
ನನ್ನ ನಳಿಗೆ ಹೋಗುವುದು ಹಿಂದಿನಿಂದ.

ಮೊನ್ನೆ ಅಂಥದೊಂದು ಬಿಳಿ ಕಾರು. ಎಪ್ಪತ್ತೆಂಟು.
"ಸೀಟ್ ಕವರ್ ಸಹಿತ ಹೊಸದು ಹಾಕಿಸಿದ್ದೇನೆ ಮಾರಾಯ!"
ಅವರ ಮಾತು ಮುಗಿಯುವ ಮೊದಲೇ
ದೇಚಮ್ಮನ ಜೀಪು ಬಂತು.

ತಿತಿಮತಿಯ ಕಡೆಯಿಂದ ಕಾಫಿ ಕೊಯ್ಯುವವರನ್ನು
ಬೆಳಿಗ್ಗೆ ಆರಕ್ಕೆ ಹೇರಿ ತರುವ ಜೀಪು. ವಯಸ್ಸು ಹತ್ತೊಂಬತ್ತು.
ಅದರ ಜಾತಕ ಒಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿದೆ.
ಹುತ್ತರಿಯ ಮರುದಿನ: ಆಯಿಲ್.
ಕೈಲ್‌ಪೊಳ್ದಿಗೆ ಊರೆಲ್ಲ ಕೋವಿ ಒರೆಸುತ್ತಿದ್ದಾಗ
ಇವಳು ನಾಝಲ್ ಬಿಚ್ಚಿಸಿಕೊಂಡು ಕೂತಿದ್ದಳಂತೆ.
ಏರ್ ಫಿಲ್ಟರು ಹದಿನೈದು ದಿನಕ್ಕೊಮ್ಮೆ
ಕಣದ ಕಟ್ಟೆಗೆ ಮೆಲ್ಲಗೆ ತಟ್ಟುತ್ತಾಳೆ,
ತೋಟದ ಕೆಂಧೂಳು, ಕಾಫಿ ಸಿಪ್ಪೆಯ ಹೊಟ್ಟು
ಅಷ್ಟು ದೂರ ಹಾರುತ್ತದೆ.

ಇದನ್ನೇನು ನೋಡುವುದು ಅಂದುಕೊಂಡೇ ನಳಿಗೆ ಸಿಕ್ಕಿಸಿದೆ.
ಒತ್ತಿ. ಬಿಡಿ.
ಎಪ್ಪತ್ತೊಂದು.

ದೇಚಮ್ಮ ನನ್ನನ್ನು ಬೈಯಲಿಲ್ಲ. ಪುಸ್ತಕ ತೆಗೆದಳು.
ಬೆರಳಿಟ್ಟು ಒಂದೊಂದೇ ಸಾಲು ಓದಿದಳು,
ಎಲ್ಲೋ ಒಂದು ಲೀಟರು ಹಾಲು ತಪ್ಪಿದ ಹಾಗೆ.
ಬಿಳಿ ಕಾರಿನವರಿಗೆ ಜೀವ ಬಂತು:
"ನೋಡಿ, ಮಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ."

ರಸ್ತೆಯಾಚೆಯ ಗ್ಯಾರೇಜಿನಿಂದ ಹಂಸಾಕ ಬಂದರು,
ಕೈ ಒರೆಸುತ್ತ. ಬಾನೆಟ್ ಎತ್ತಲಿಲ್ಲ.
ಜ್ವರದ ಮಗುವಿನ ಹಣೆ ಮುಟ್ಟುವಂತೆ ಅದರ ಮೇಲೆ ಅಂಗೈ ಇಟ್ಟರು.
"ಹೇಗೆ ಬಂದೆ?"
"ದೇವರಕಾಡಿನ ತಿರುವಿಂದ ಇಳಿಜಾರಲ್ವಾ, ನ್ಯೂಟ್ರಲ್.
ಡೀಸೆಲ್ ಉಳೀತದೆ."
"ಹಬೆ ಬಾರದೆ ಕಡಂಬಿಟ್ಟು ಬೇಯ್ತದಾ ದೇಚಮ್ಮಾ?
ಮೂರನೇ ಗೇರಲ್ಲಿ ತಿತಿಮತಿವರೆಗೆ ಹೋಗಿ ಬಾ.
ಅವಸರ ಬೇಡ."

ಅವಳು ಹೋದಳು.
ಬಿಳಿ ಕಾರೂ ಹಿಂದೆಯೇ ಹೋಯಿತು, ಕಿವಿಗೆ ಬಿದ್ದಿತ್ತಲ್ಲ.
ನಾನು ಚಹಾ ತರಿಸಿದೆ. ಹಂಸಾಕ ಅರ್ಧ ಕುಡಿದು ಇಟ್ಟರು.

ಬಿಳಿ ಕಾರು ಮೊದಲು ಬಂತು: ಎಪ್ಪತ್ನಾಲ್ಕು.
ಕಾಯಿಸಿದರೆ ಇದ್ದದ್ದು ಕಾಣುತ್ತದೆ,
ಇಲ್ಲದ್ದು ಎಲ್ಲಿಂದ ಬರಬೇಕು?
ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ನನಗೂ ವ್ಯಾಪಾರ ಬೇಕು.
ಫಿಲ್ಟರು ಕೊನೆಗೆ ಬದಲಿಸಿದ್ದು ಯಾವಾಗ ಅಂದೆ, ಅಷ್ಟೇ.
"ಅದನ್ನೂ ಬದಲಿಸ್ಬೇಕಾ?" ಅಂದರು.

ಆಮೇಲೆ ಜೀಪು. ಗಡಗಡ ಅದೇ, ಮೈ ಮಾತ್ರ ಬಿಸಿ.
ಒತ್ತಿ. ಬಿಡಿ. ಇನ್ನೊಮ್ಮೆ.
ಮೂವತ್ತೆಂಟು.
ನನ್ನ ಪೆನ್ನು ಇಸಿದುಕೊಂಡು ದೇಚಮ್ಮ
ಹಾಲಿನ ಲೆಕ್ಕದ ಹಿಂದೆ ಬರೆದಳು:
"ಕಾಯಿಸಿ ತರಬೇಕು."
ಪೆನ್ನು ಅವಳ ಜೊತೆಗೇ ಹೋಯಿತು.

ಸಂಜೆ ಬಂಕಿನ ದೀಪ ಹತ್ತಿದ ಮೇಲೆ
ನಳಿಗೆ ಬಿಚ್ಚಿ, ಬನಿಯನ್ ತುಂಡಿನಲ್ಲಿ ಒಳಗೆಲ್ಲ ಒರೆಸುತ್ತೇನೆ.
ನಲವತ್ತು ಗಾಡಿಯ ಮಸಿ, ಯಾರದು ಯಾವುದೋ ತಿಳಿಯದು.
ಒಂದು ದಿನ ಬೇಸರವಾಗಿ ಬಿಟ್ಟಿದ್ದೆ.
ಮರುದಿನ ಮೊದಲು ಬಂದ ಪಾಪದ ಆಟೋದವನ ಲೆಕ್ಕದಲ್ಲಿ
ಹಿಂದಿನ ದಿನದ ಊರೆಲ್ಲ ಕೆಮ್ಮಿತು.