ತಿರುವಿನ ಗುಡಿಗಳು

ಕಲಾಮಾಟಾದಿಂದ ಸ್ಪಾರ್ಟಾಕ್ಕೆ ಹೋಗುವ ದಾರಿಯಲ್ಲಿ
ಬೆಟ್ಟ ಏರುವ ಮೊದಲು, ಎಡಕ್ಕೆ, ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ
ನನ್ನ ವೆಲ್ಡಿಂಗ್ ಅಂಗಡಿ.
ಗೇಟು ಮಾಡುತ್ತೇನೆ, ಬಾಲ್ಕನಿಯ ಕಂಬಿ ಮಾಡುತ್ತೇನೆ,
ಕೇಳಿದವರಿಗೆ ಗುಡಿಯನ್ನೂ.

ಗುಡಿಯೆಂದರೆ ಇಷ್ಟೇ:
ಮೊಳದುದ್ದ ತಗಡಿನ ಪೆಟ್ಟಿಗೆ, ನೆತ್ತಿಗೊಂದು ಶಿಲುಬೆ,
ಮುಂದೆ ಗಾಜಿನ ಕದ, ಕೆಳಗೆ ಎದೆಮಟ್ಟದ ಕಬ್ಬಿಣದ ಕಾಲು.
ಒಳಗೆ ಸಂತನ ಪಟ, ದೀಪ, ಬೆಂಕಿಪೊಟ್ಟಣ,
ಸೋಡಾ ಬಾಟಲಿಯಲ್ಲಿ ಆಲಿವ್ ಎಣ್ಣೆ.
ಸತ್ತವರ ಮನೆಯವರು ತಂದು ತಿರುವಿನಲ್ಲಿ ನೆಡುತ್ತಾರೆ.
ಸಾಯದೆ ಉಳಿದವರೂ ನೆಡುತ್ತಾರೆ, ಹರಕೆ.
ಹೊರಗಿನಿಂದ ಎರಡೂ ಒಂದೇ.
ಯಾವುದು ಯಾವುದೆಂದು ತಿಳಿಯಲು
ಗಾಡಿ ನಿಲ್ಲಿಸಿ ಇಳಿಯಬೇಕು.

ಯಾರು ಇಳಿಯುತ್ತಾರೆ?

ಬಂದವರನ್ನು ಬಣ್ಣ ಕೇಳುತ್ತೇನೆ,
ತಿರುವು ಯಾವುದೆಂದು ಕೇಳುತ್ತೇನೆ
(ಒಂಬತ್ತನೆಯದರಲ್ಲಿ ಗಾಳಿ ಜಾಸ್ತಿ, ಕಾಲು ದಪ್ಪಗಿರಬೇಕು).
ವೇಗ ಎಷ್ಟಿತ್ತೆಂದು ಕೇಳುವುದಿಲ್ಲ.
ಕೇಳದಿದ್ದರೂ ಹೇಳುತ್ತಾರೆ:
'ಅಂಥ ವೇಗವೇನೂ ಇರಲಿಲ್ಲ.'
ಇಪ್ಪತ್ತಾರು ವರ್ಷವಾಯಿತು,
ಈ ರಸ್ತೆಯಲ್ಲಿ ಅಂಥ ವೇಗದಲ್ಲಿ
ಒಬ್ಬನೂ ಇರಲಿಲ್ಲ.

ಅರ್ಗಿರಿಸ್‌ನ ಕಾರು ನನಗೆ ಕಿವಿಯಲ್ಲೇ ಪರಿಚಯ.
ಸಂಜೆ ಏಳರ ಸುಮಾರಿಗೆ ಬಂಕು ದಾಟಿ ಮೂರನೇ ಗೇರು,
ಒಂದು ಗುಟುರು, ಮತ್ತೆ ಬೆಟ್ಟ ಅದನ್ನು ನುಂಗುವವರೆಗೆ
ಎಂಜಿನ್ನಿನ ಒಂದೇ ಉಸಿರಿನ ಆಲಾಪ.
ನಿಜ ಹೇಳುತ್ತೇನೆ, ನನಗದು ಇಷ್ಟವಿತ್ತು.
ಕೈಯಲ್ಲಿದ್ದ ಟಾರ್ಚು ತಗ್ಗಿಸಿ ಕೇಳುತ್ತಿದ್ದೆ.
ಹುಡುಗನ ಕೈ ಚೆನ್ನಾಗಿದೆ ಅಂದುಕೊಳ್ಳುತ್ತಿದ್ದೆ.

ಕ್ಲಿಯಾಂಥಿಸ್ ಜೇನು ಸಾಕುವವನು.
ಥೈಮ್ ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ಮೇಲೆ ಸಾಗಿಸುತ್ತಾನೆ.
ಸಾಗಿಸುತ್ತಿದ್ದ.
ಐದನೇ ತಿರುವಿನಲ್ಲಿ ಪಿಕಪ್ ಬದಿಗೆ ಹಾಕಿ
ಸಡಿಲಾದ ಹಗ್ಗ ಬಿಗಿಯುತ್ತಿದ್ದನಂತೆ.
ಮಾರನೆಯ ದಿನ ಹೋಗಿ ನೋಡಿದೆ:
ಟಾರಿನ ಮೇಲೆ ಬ್ರೇಕಿನ ಗೀಟು,
ನಡೆದು ಎಣಿಸಿದರೆ ಐವತ್ತೆರಡು ಹೆಜ್ಜೆ.
ಫಲಕದಲ್ಲಿದ್ದ ನಲವತ್ತರಲ್ಲೇ ಬಂದಿದ್ದರೆ
ಹನ್ನೆರಡು ಹೆಜ್ಜೆ ಸಾಕಿತ್ತು.
ಗೀಟು ಮುಗಿದಲ್ಲಿ ಜೇನು ಹರಿದು, ಧೂಳು ಹಿಡಿದು, ಕರಿದಾಗಿತ್ತು.
ಎರಡು ದಿನ ಹುಳುಗಳು ಅಲ್ಲೇ ಸುತ್ತಿದವು,
ಪೆಟ್ಟಿಗೆ ಇದ್ದ ಎತ್ತರದಲ್ಲಿ,
ಇಲ್ಲದ ಬಾಗಿಲು ಹುಡುಕುತ್ತ.

ಕೊರಳಿಗೆ ಪಟ್ಟಿ ಕಟ್ಟಿಕೊಂಡು ಅರ್ಗಿರಿಸ್ ಬಂದ.
ತಾಯಿ ಹರಕೆ ಹೊತ್ತಿದ್ದಾಳಂತೆ. 'ಒಂದು ಗುಡಿ ಬೇಕು.
ನೀಲಿ ಬಣ್ಣ.'
ಯಾವ ತಿರುವೆಂದು ಕೇಳಲಿಲ್ಲ. ಅವನೂ ಹೇಳಲಿಲ್ಲ.
ಶನಿವಾರ ಪೆಲಾಗೀಯಾ ಬಂದಳು, ಕರಿಬಟ್ಟೆ,
ಕೈಚೀಲದಲ್ಲಿ ಗಂಡನ ಫೋಟೋ, ಅಳತೆಗೆ.
'ನೀಲಿ' ಅಂದಳು. 'ಅವನ ಪೆಟ್ಟಿಗೆಗಳೆಲ್ಲ ನೀಲಿ.'

ಒಂದೇ ತಗಡು, ಒಂದೇ ಡಬ್ಬಿಯ ಬಣ್ಣ.
ಎರಡನ್ನೂ ಬಾಗಿಲ ಬಳಿ ಒಣಗಲಿಟ್ಟೆ.
ಅವಳೇ ಮೊದಲು ಬಂದಳು.
ತನ್ನದನ್ನು ನೋಡಿದಳು, ಪಕ್ಕದ್ದನ್ನು ನೋಡಿದಳು.
'ಇದು ಯಾರದು?'
ನಾನು ಕೈ ಒರೆಸಿಕೊಂಡೆ. ಚಿಂದಿ ಎಲ್ಲಿಟ್ಟೆನೆಂದು ಹುಡುಕಿದೆ.
'ಪಾಪ, ಯಾವ ತಾಯಿಯ ಮಗನೋ' ಎಂದು
ತಲೆವಸ್ತ್ರದ ಅಂಚಿನಿಂದ
ಅದರ ಗಾಜಿನ ಮೇಲಿನ ಧೂಳು ಒರೆಸಿದಳು,
ಮೆತ್ತಗೆ, ಮಗುವಿನ ಮೂಗು ಒರೆಸುವಂತೆ.

ಆಗಲೇ ಬಂಕಿನ ಕಡೆಯಿಂದ ಒಂದು ಕಾರು.
ಯಾರದೋ. ಮೂರನೇ ಗೇರು.
ಇಬ್ಬರ ತಲೆಯೂ ಒಟ್ಟಿಗೇ ತಿರುಗಿತು.
ಒಂದನೇ ತಿರುವು. ಎರಡು.
ಅವಳ ಕೈ ಇನ್ನೂ ಗಾಜಿನ ಮೇಲಿತ್ತು.
ಮೂರು.
ನಾಲ್ಕರಲ್ಲಿ ಟೈರು ಕಿರುಗುಟ್ಟಿತು.
ಸದ್ದು ಐದನ್ನು ದಾಟಿ ಮೇಲಕ್ಕೆ ಹೋಗುವವರೆಗೂ
ನಾವು ಉಸಿರಾಡಿದ ನೆನಪಿಲ್ಲ.

ಆಮೇಲೆ ಅವಳು ಎಷ್ಟಾಯಿತೆಂದು ಕೇಳಿದಳು.