ಕಾರಣ ಬರೆಯುವ ಜಾಗ

ಗುರುವಾರ ಗುರುವಾರ ನಮ್ಮಲ್ಲಿ ಅಂಗವಿಕಲರ ಶಿಬಿರ.
ಕಾರವಾರದ ದೊಡ್ಡಾಸ್ಪತ್ರೆ, ಹನ್ನೊಂದನೇ ನಂಬರಿನ ಕೋಣೆ,
ಕಿಟಕಿ ತೆರೆದರೆ ಕಡಲು, ಮುಚ್ಚಿದರೆ ಫಿನಾಯಿಲು.
ಡಾಕ್ಟರು ಅಳೆಯುತ್ತಾರೆ, ನಾನು ಬರೆಯುತ್ತೇನೆ:
ಹೆಸರು, ತಂದೆಯ ಹೆಸರು, ಹೋದದ್ದೇನು, ಶೇಕಡಾ ಎಷ್ಟು.
ನಲವತ್ತು ಮುಟ್ಟಿದರೆ ಪಿಂಚಣಿ.

ಮಗಳು ಲೈಬ್ರರಿಯಿಂದ ತಂದ ರಟ್ಟಿಲ್ಲದ ಪುಸ್ತಕವನ್ನು
ಮೂರು ರಾತ್ರಿ ಓದಿದ್ದೇ ತಪ್ಪಾಯಿತು.
ಈಗ ಸಾಲಿನಲ್ಲಿ ಅವರೂ ನಿಂತಿರುತ್ತಾರೆ,
ಊರೂರಿನ ಗಂಡು ದೇವರು,
ಒಬ್ಬರ ಬಳಿಯೂ ಆಧಾರ್ ಇಲ್ಲ.

ಹಿಮದೂರಿನ ಓಡಿನ್, ಒಕ್ಕಣ್ಣ.
ಬಾವಿಯ ಒಂದು ಗುಟುಕಿಗೆ ಕಣ್ಣು ಕಿತ್ತು ಕೊಟ್ಟನಂತೆ,
ಆ ನೀರು ಕುಡಿದರೆ ಎಲ್ಲ ತಿಳಿಯುತ್ತದಂತೆ.
ತಿಳಿಯಿತೇ, ಎಂದೆ.
ಉಳಿದ ಕಣ್ಣನ್ನು ನೆಲಕ್ಕೆ ಇಳಿಸಿದ.

ಗ್ರೀಕರ ಕಮ್ಮಾರ ಹೆಫೆಸ್ಟಸ್. ಕಾಲು ಕುಂಟು.
ಹೆತ್ತವರೇ ಮುಗಿಲಿಂದ ಎಸೆದದ್ದು.
ತಂದೆಯ ಹೆಸರು ಕೇಳಿದಾಗ
ಬಹಳ ಹೊತ್ತು ಸುಮ್ಮನಿದ್ದ.

ಮೆಕ್ಸಿಕೋದ ಟೆಜ್‌ಕಟ್ಲಿಪೋಕ
(ಬರೆಯಲು ಮೂರು ಸಲ ಹೊಡೆದು ಹಾಕಬೇಕಾಯಿತು)
ಭೂಮಿಯಾಗಬೇಕಿದ್ದ ಮೊಸಳೆಗೆ
ತನ್ನ ಪಾದವನ್ನೇ ಗಾಳದ ಎರೆ ಮಾಡಿದವನು.

ನಮ್ಮವರೂ ಇದ್ದರು. ತೊಡೆಯೇ ಇಲ್ಲದ ಅರುಣ,
ಸೂರ್ಯನ ಗಾಡಿ ಹೊಡೆಯುವ ಕೆಲಸ, ರಜೆಯಿಲ್ಲ, ಬೇಗ ಬಿಡಿ ಎಂದ.
ದಕ್ಷನ ಯಜ್ಞದಲ್ಲಿ ಹಲ್ಲು ಉದುರಿಸಿಕೊಂಡ ಪೂಷ,
ಅಂದಿನಿಂದ ಹಿಟ್ಟಿನ ಗಂಜಿಯೇ ಅವನಿಗೆ ನೈವೇದ್ಯ.
ಹಲ್ಲಿಗೆ ಶೇಕಡಾ ಇಲ್ಲ, ಅಂದೆ.
ಗಂಜಿಗೆ ಒಂದು ಚೂರು ಉಪ್ಪಿನಕಾಯಿ, ಅಂದ.
ಅನಂಗ ಬಂದಿದ್ದನೋ ಏನೋ. ಕುರ್ಚಿ ಖಾಲಿಯಿತ್ತು.

ಈಜಿಪ್ತಿನ ಒಸಿರಿಸನ ಪರವಾಗಿ ಹೆಂಡತಿ ಬಂದಳು,
ಹದಿನಾಲ್ಕು ತುಂಡಿನಲ್ಲಿ ಹದಿಮೂರನ್ನು ಆಯ್ದು ಸೆರಗಿನಲ್ಲಿ ಕಟ್ಟಿಕೊಂಡು.
ಇನ್ನೊಂದನ್ನು ಮೀನು ನುಂಗಿತಂತೆ.
ಯಾವುದು ಎಂದು ಕೇಳಿ, ಉತ್ತರಕ್ಕೆ ನಾಚಿ,
'ಇತರೆ' ಎಂಬಲ್ಲಿ ಗೀಟು ಹಾಕಿದೆ.
ಅಂದು ಸಂಜೆ ಮಾರ್ಕೆಟಿನಲ್ಲಿ
ಇಸವಾಣ ಕೊಳ್ಳಲು ಮನಸ್ಸಾಗಲಿಲ್ಲ.

ಆಮೇಲೆ ಟೀರ್. ಬಲ ಮುಂಗೈ ಇಲ್ಲ.
ತೋಳವೊಂದನ್ನು ಕಟ್ಟಬೇಕಿತ್ತು, ಕಟ್ಟುವುದು ಬರೀ ಆಟಕ್ಕೆ
ಎಂದು ದೇವರೆಲ್ಲ ಸೇರಿ ಸುಳ್ಳು ಹೇಳಿದರು.
ಆ ಸುಳ್ಳಿಗೆ ಅಡವಾಗಿ ತೋಳದ ಬಾಯೊಳಗೆ ಕೈಯಿಟ್ಟವನು ಇವನೊಬ್ಬ.
ಗೊತ್ತಿದ್ದೇ ಇಟ್ಟ.

ಅವನ ಹಿಂದೆ ಪುರ್ಸು ತಾಂಡೇಲ, ಬೈತಖೋಲದ ಬೋಟಿನವನು.
ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು.
ಡಾಕ್ಟರು ಮಡಚಿಸಿ, ಬಿಡಿಸಿ, ಅಳೆದು
ಮೂವತ್ತೆಂಟು ಎಂದರು.
ಕಾರಣ?
ಹಗ್ಗ.
ವಿಂಚಿನ ಹಗ್ಗಕ್ಕೆ ಹುಡುಗನ ಕಾಲು ಸಿಕ್ಕಿತ್ತು ಬಾಯೀ,
ಜಾರ್ಖಂಡಿನವ, ಎಂಟು ದಿನದ ಹೊಸಬ,
ಅವನ ಹೆಸರೂ ನನ್ನ ನಾಲಿಗೆಗೆ ಹತ್ತಿರಲಿಲ್ಲ.
ಕೈ ಹಾಕಿದೆ.
ಬೆರಳು ಹೋಗುತ್ತದೆಂದು ಗೊತ್ತಿತ್ತೇ?
ಮೂವತ್ತು ವರ್ಷ ಅದೇ ಹಗ್ಗ ಎಳೆದವನಿಗೆ
ಗೊತ್ತಿರದೆ ಏನು.

ಕಾರಣ ಬರೆಯುವ ಜಾಗ ನಮ್ಮ ಫಾರ್ಮಿನಲ್ಲಿ ಎರಡು ಬೆರಳಗಲ.
'ಅಪಘಾತ' ಎಂಬುದು ಸರಿಯಾಗಿ ಹಿಡಿಸುತ್ತದೆ.
ಇಂಗ್ಲಿಷಿನ ಮಂಗಳವಾರದಲ್ಲಿ ಟೀರನ ಹೆಸರಿದೆಯಂತೆ,
ವಾರಕ್ಕೊಮ್ಮೆ ಲೋಕವೆಲ್ಲ ಅವನನ್ನು ಕರೆಯುತ್ತದೆ.
ಪುರ್ಸುವಿಗೆ ಎರಡು ಅಂಕ ಕಡಿಮೆ.
ನಾನು ಡಾಕ್ಟರ ಮುಖ ನೋಡಿದೆ.
ಅವರು ಮುಂದಿನವನ ಮುಖ ನೋಡಿದರು.

ಜಾಂವ್ದಿ, ಅಂದ ಪುರ್ಸು.
ಚೀಟಿ ಮಡಚಿ ಎಡಗೈಯಿಂದ ಜೇಬಿಗಿಟ್ಟ.

ಸಂಜೆ ಸದಾಶಿವಗಡದ ಬಸ್ಸು ಕೋಡಿಬಾಗದಲ್ಲಿ ನಿಂತಿತ್ತು.
ಖಾಪ್ರಿಯ ಗುಡಿಯೆದುರು ಅವನನ್ನು ಕಂಡೆ.
ಹಡಗಿನಲ್ಲಿ ಬಂದವನಂತೆ ಖಾಪ್ರಿ, ಆಫ್ರಿಕದವನಂತೆ,
ನನ್ನ ಪುಸ್ತಕದಲ್ಲಿ ಅವನಿಗೆ ಪುಟವಿಲ್ಲ.
ಅವನು ಏನು ಕಳೆದುಕೊಂಡನೆಂದು ಯಾರೂ ಕೇಳಿ ಬರೆದಿಲ್ಲ.
ಪುರ್ಸು ಎರಡು ಬೆರಳ ನಡುವೆ ಬೀಡಿ ಹಿಡಿದು
ಗಾಳಿಗೆ ಬೆನ್ನು ಕೊಟ್ಟು ಹಚ್ಚಿ, ದೇವರ ಮುಂದಿಟ್ಟ.
ಆಮೇಲೆ ಇನ್ನೊಂದನ್ನು ತೆಗೆದು
ದೇವರ ಬೀಡಿಯಿಂದಲೇ ಕಿಡಿ ತಗೊಂಡ.
ಇಬ್ಬರೂ ಸೇದುತ್ತಿದ್ದರು.
ಬಸ್ಸು ಕಾಳಿಯ ಸೇತುವೆ ಹತ್ತಿತು.